ಎರಡನೇ ಕೀ

ಸರೋಜ ಒಳಗೆ ಬರಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನಿಂತಳು. ಹಲ್ಲುಜ್ಜುತ್ತಿದ್ದ ಪ್ರೇಮಾನಂದ ಬಾಯಿ ತುಂಬ ನೊರೆ ಇಟ್ಟುಕೊಂಡೇ ಅವಳನ್ನು ನೋಡಿದ. ಅವನು ದಿನಾ ಉಗುಳುವ ಜಾಗ ಅವಳು ನಿಂತ ಕಲ್ಲಿನ ಬುಡವೇ. ಬೇರೆ ಕಡೆ ತಿರುಗಿ ಉಗುಳಿದರೆ ಅವಳಿಗೆ ಮುಖ ತಿರುಗಿಸಿದಂತೆ. ಅಲ್ಲೇ ಉಗುಳಿದರೆ ಅವಳ ಮೇಲೆ ಉಗುಳಿದಂತೆ. ಯೋಚಿಸುತ್ತ ನಿಂತವನು ಕೊನೆಗೆ ನೊರೆಯನ್ನು ನುಂಗಿಬಿಟ್ಟ. ಗಂಟಲು ಉರಿಯಿತು. ಆ ಉರಿಗೂ ಅವಳೇ ಕಾರಣ ಎನಿಸಿ ಒಂದು ಕ್ಷಣ ಅವಳ ಮೇಲೆ ಸಿಟ್ಟು ಬಂತು.

“ಪ್ರೇಮಣ್ಣ, ದೈವದ್ ಎದ್ರಿಗ್ ಇಟ್ಟ ಕೀ ತೆಗ್ದ್ ಬಿಡಿ,” ಎಂದಳು.

“ನಾನ್ ಯಾರ್ ಹೆಸ್ರೂ ಹೇಳ್ಲಿಲ್ಲೆ ಸರೋಜ.”

“ನೀವ್ ಹೇಳ್ಲಿಲ್ಲೆ, ಊರ್ ಹೇಳ್ತಿತ್ತ್. ನಿನ್ನೆ ಬಾಗ್ಲಿಗೆ ಮೀನಿನ್ ಕರುಳ್ ಬಿಸಾಡಿ ಹೋಯಿರ್. ಇವ್ರಿಗೆ ಎದ್ದ್ ಬಪ್ಪುಕಾತಿಲ್ಲೆ, ನಾನೇ ತೊಳ್ದೆ. ನೀವ್ ಕೀ ತೆಗ್ದ್ರೆ ಜನ್ರ್ ಬಾಯಿ ಮುಚ್ಚತ್ತ್.”

ಅವಳು ಅಳಲಿಲ್ಲ. ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದವಳಂತೆ ಹೇಳಿ ಮುಗಿಸಿ, ಉತ್ತರಕ್ಕೆ ಕಾಯದೆ ಹೋದಳು. ಒಳಗಿನಿಂದ ಅವನ ತಾಯಿ, ಅಬ್ಬಿ, ಕತ್ತಿಮಣೆಯ ಮೇಲೆ ಮೀನಿನ ತಲೆ ಬೇರೆ ಮಾಡುವ ಸದ್ದು ಕೇಳುತ್ತಿತ್ತು. ಸದ್ದು ನಿಂತಿತು. “ಕೊಟ್ಟದ್ದನ್ನ್ ತಿರ್ಗಿ ತೆಗ್ದ್ರೆ ಅದ್ ನಮ್ಗೇ ತಿರ್ಗತ್ತ್, ಕಾಣ್,” ಎಂದು ಅಬ್ಬಿ ಯಾರಿಗೂ ಅಲ್ಲದಂತೆ ಹೇಳಿದಳು. ಮತ್ತೆ ಸದ್ದು ಶುರುವಾಯಿತು.

ಪ್ರೇಮಾನಂದನ ಬೈಕು ಕಳುವಾದದ್ದು ಕೋಟದಲ್ಲಿ. ಅವನು ಕೆಲಸ ಮಾಡುವ ಮೀನೆಣ್ಣೆ ಕಾರ್ಖಾನೆಯ ವ್ಯಾನು ಹೆದ್ದಾರಿಯಲ್ಲೇ ಹತ್ತಿಸಿಕೊಳ್ಳುವುದರಿಂದ ಹಂಗಾರಕಟ್ಟೆಯ ಮನೆಯಿಂದ ಅಲ್ಲಿಯವರೆಗೆ ಬೈಕಿನಲ್ಲಿ ಹೋಗಿ, ಹೋಟೆಲಿನ ಪಕ್ಕದ ತಗಡಿನ ಮಾಡಿನಡಿ ನಿಲ್ಲಿಸುತ್ತಿದ್ದ. ಆ ಸಂಜೆ ವ್ಯಾನಿನಿಂದ ಇಳಿದಾಗ ಮಾಡಿನಡಿ ಎಣ್ಣೆಯ ಒಂದು ಕಲೆ ಮಾತ್ರ ಇತ್ತು. ಅದನ್ನೇ ನೋಡುತ್ತ ನಿಂತವನನ್ನು ಕಂಡು ಹೋಟೆಲಿನವನು, “ಎಂತ ಬಿದ್ದ್ ಹೋಯ್ತ್ ಮಾರಾಯ್ರೆ, ಹುಡುಕುದ್?” ಎಂದು ಕೇಳಿದ. ಬೈಕ್ ಎಂದು ಹೇಳಲು ನಾಚಿಕೆಯಾಗಿ ಪ್ರೇಮಾನಂದ ಚಿಲ್ಲರೆ ಎಂದಿದ್ದ. ಸಾಲದ ಕೊನೆಯ ಕಂತು ಕಟ್ಟಿ ಹೆಚ್ಚು ಕಾಲವಾಗಿರಲಿಲ್ಲ. ಮರುದಿನ ಲ್ಯಾಬಿನಲ್ಲಿ ಎಣ್ಣೆಯ ಆಮ್ಲೀಯತೆ ಅಳೆಯುವಾಗ, ಬ್ಯುರೆಟ್ಟಿನಿಂದ ಹನಿ ಬೀಳುವುದನ್ನು ನೋಡುತ್ತ, ಕೆಳಗಿನ ಹಾಲಿನಲ್ಲಿ ಬೂತಾಯಿ ಅರೆಯುವ ಯಂತ್ರದ ಸದ್ದಿಗೆ ಕಿವಿಕೊಟ್ಟಿದ್ದ. ಮೀನನ್ನು ಒಳಗೆ ಎಳೆದುಕೊಳ್ಳುವ ಆ ಕಬ್ಬಿಣದ ತಿರುಪಿಗೆ ಮನಸ್ಸಿನಲ್ಲೇ ಕಳ್ಳನ ಪಾದವನ್ನು ಇಟ್ಟ. ಮೊದಲು ಬೆರಳು, ಆಮೇಲೆ ಹಿಮ್ಮಡಿ. ಮೊಣಕಾಲಿನ ಚಿಪ್ಪು ಬಂದಾಗ ಯಂತ್ರ ಸ್ವಲ್ಪ ತಡವರಿಸಬೇಕು, ಆ ಸದ್ದು ಹೇಗಿರುತ್ತದೆ ಎಂದು ಕಲ್ಪಿಸಿಕೊಳ್ಳುವಷ್ಟರಲ್ಲಿ ದ್ರಾವಣ, ನಿಲ್ಲಬೇಕಾದ ತಿಳಿಗುಲಾಬಿಯನ್ನು ದಾಟಿ ಕಡುಕೆಂಪಾಗಿತ್ತು. ಇಷ್ಟು ವರ್ಷದಲ್ಲಿ ಅವನ ಕೈಯಲ್ಲಿ ಹಾಗೆ ಆದದ್ದೇ ಇಲ್ಲ. ಮತ್ತೊಂದು ಮಾದರಿ ತೆಗೆದುಕೊಂಡ, ಅದೂ ಕೆಂಪಾಯಿತು.

ಹಾಗಾಗಿ ಹುಯ್ಲು ಕೊಟ್ಟ. ಪೊಲೀಸರಿಂದ ಆಗದ ದೂರನ್ನು ದೈವಕ್ಕೆ ಒಪ್ಪಿಸುವುದು. ಊರಿನ ದೈವ ಹಾಯ್ಗುಳಿಯ ಗುಡಿಯಲ್ಲಿ ನಿಂತು, ಕಳುವಾದ ವಸ್ತುವಿಗೆ ಸೇರಿದ್ದು ಏನಾದರೂ ಇದ್ದರೆ ಅದನ್ನು ಮೆಟ್ಟಿಲ ಮೇಲಿಟ್ಟು, ಆಗಬೇಕಾದದ್ದನ್ನು ಬಾಯಿ ಬಿಟ್ಟು ಹೇಳುವುದು. ಅವನ ಹತ್ತಿರ ಇದ್ದದ್ದು ಬೈಕಿನ ಎರಡನೇ ಕೀ. ಬೆಳಿಗ್ಗೆ ಬೇಗ, ದೈವ ಮೈಮೇಲೆ ಬರುವ ಮಂಜ ಪಾತ್ರಿ ಒಬ್ಬನೇ ಗುಡಿಯ ಮುಂದೆ ಕಸ ಗುಡಿಸುತ್ತಿದ್ದಾಗ, ಕೀಯನ್ನಿಟ್ಟು, “ತೆಗ್ದ್ಕಂಡ್ ಹೋದವ್ನ ಕಾಲ್ ಮುರೀಲಿ,” ಎಂದು ಹೇಳಿ ಬಂದಿದ್ದ. ಕಾಲೇ ಯಾಕೆ ಎಂದು ಆಮೇಲೆ ಯೋಚಿಸಿದ್ದುಂಟು. ತಾನು ನಡೆಯಬೇಕಾಯಿತಲ್ಲ, ಅದಕ್ಕೆ ಇರಬೇಕು. ನಂಬಿಕೆಯಿಂದ ಕೊಟ್ಟದ್ದಲ್ಲ, ಮನಸ್ಸಿನ ಒತ್ತಡ ಹೊರಹೋಗಲು ಒಂದು ದಾರಿ ಎಂದು ತನಗೆ ತಾನೇ ವಿವರಿಸಿಕೊಂಡಿದ್ದ.

ಸರೋಜಳ ಗಂಡ ಕುಷ್ಟನ ಕಾಲು ಮುರಿದದ್ದು ಹುಯ್ಲು ಕೊಟ್ಟದ್ದರ ಹಿಂದಿನ ದಿನ.

ಇದು ಪ್ರೇಮಾನಂದನಿಗೆ ಗೊತ್ತು. ಹಂಗಾರಕಟ್ಟೆಯ ಯಾರ್ಡಿನಲ್ಲಿ ಬೋಟನ್ನು ದಡಕ್ಕೆ ಎಳೆಯುವಾಗ ತಂತಿ ಹಗ್ಗ ಕಡಿದು ಕುಷ್ಟನ ಮೊಣಕಾಲಿನ ಕೆಳಗೆ ಬೀಸಿತ್ತು. ಹುಯ್ಲು ಕೊಟ್ಟು ಮನೆಗೆ ಬಂದ ಮೇಲೆ ವನಜ ಚಹಾ ಕೊಡುತ್ತ, ಗಂಡನಿಗೆ ಆ ಸುದ್ದಿ ಹೇಳಿದ್ದಳು, ನಿನ್ನೆ ಮಧ್ಯಾಹ್ನವೇ ಅಂತೆ ಎಂದು. ಆದರೆ ಕೀ ಇಟ್ಟದ್ದು ಊರಿಗೆ ತಿಳಿದದ್ದು ಆಮೇಲೆ. ತಿಳಿದಾಗ ಎರಡೂ ಸುದ್ದಿ ಒಂದಕ್ಕೊಂದು ಅಂಟಿಕೊಂಡಿದ್ದವು. ಹುಡುಗನಾಗಿದ್ದಾಗ ಕುಷ್ಟ ಯಾರದೋ ಬೋಟಿನ ಡೀಸೆಲ್ ಕದ್ದು ಸಿಕ್ಕಿಬಿದ್ದದ್ದನ್ನು ಜನ ಮರೆತಿರಲಿಲ್ಲ. ವ್ಯಾನಿನಲ್ಲಿ ಪಕ್ಕದವನು, “ಹುಯ್ಲ್ ಹಿಡೀತ್ ಕಾಣಿ ನಿಮ್ದ್, ಕಾಲೇ ಹೋಯ್ತ್,” ಎಂದಾಗ ಪ್ರೇಮಾನಂದ ಬಾಯಿ ತೆರೆದ. ಕಾರಣ ಮೊದಲು, ಪರಿಣಾಮ ಆಮೇಲೆ. ಕಾಲು ಹಿಂದಿನ ದಿನವೇ ಮುರಿದಿತ್ತು ಎಂಬ ಒಂದು ವಾಕ್ಯ ಸಾಕಿತ್ತು. ಆದರೆ ವ್ಯಾನಿನಲ್ಲಿದ್ದವರೆಲ್ಲ ಅವನ ಕಡೆ ತಿರುಗಿ ನೋಡುತ್ತಿದ್ದರು, ಹಿಂದೆಂದೂ ನೋಡಿರದ ಹಾಗೆ. ಅವನು ಬಾಯಿ ಮುಚ್ಚಿ ಕಿಟಕಿಯ ಹೊರಗೆ ನೋಡಿದ. ಅದನ್ನು ಅವರು ಗಾಂಭೀರ್ಯ ಎಂದುಕೊಂಡರು. ಮೀನಿನ ಬುಟ್ಟಿ ಹಿಡಿದು ಬಸ್ಸು ಹತ್ತಿದರೆ ದಿನಾ ಗೊಣಗುತ್ತಿದ್ದ ಕಂಡಕ್ಟರ್ ಈಗ ಅಬ್ಬಿಗೆ ತಾನೇ ಕೈಕೊಟ್ಟು ಹತ್ತಿಸುತ್ತಾನಂತೆ. ಮಗಳು ಪೂಜಿತಾ ಒಂದು ಸಂಜೆ ಪಾಠ ಬಿಟ್ಟು ಬಂದು, “ಅಪ್ಪಯ್ಯ, ಕುಷ್ಟಮಾಮನ್ ಕಾಲ್ ಮುರ್ದದ್ ನೀವಾ?” ಎಂದು ಕೇಳಿದಳು. ಅವನು ಅವಳನ್ನು ಗದರಿದ. ಗದರುವಾಗ ಹೊಟ್ಟೆಯೊಳಗೆ ಬಿಸಿಯಾದ ಏನೋ ಹರಡಿತು. ಅದು ಸಂತೋಷ ಎಂದು ಗುರುತಿಸಲು ಅವನಿಗೆ ಹೊತ್ತು ಬೇಕಾಗಲಿಲ್ಲ.

ಇವತ್ತು ರಜೆ ಹಾಕಿದ್ದ. ಬ್ರಹ್ಮಾವರದ ವಿಮೆ ಆಫೀಸಿನಿಂದ ಬರಹೇಳಿದ್ದರು. ಹೊರಡುವಾಗ ವನಜ ಬಾಗಿಲಿಗೆ ಬಂದಳು. “ಆ ದುಡ್ಡ್ ಬಂದ್ರೆ ಬೈಕ್ ಬ್ಯಾಡ. ನಿಮ್ಗೆ ಬಸ್ ಇತ್ತ್, ವ್ಯಾನ್ ಇತ್ತ್. ಒಂದ್ ಫ್ರೀಜರ್ ತಕಂಡ್ರೆ ಅಬ್ಬಿ ಮೀನ್ ಹೊತ್ಕಂಡ್ ಮನಿಮನಿ ತಿರ್ಗುದ್ ತಪ್ಪತ್ತ್, ನಾನ್ ಇಲ್ಲೇ ಮಾರ್ತೆ.” ಅವಳು ಹೇಳಿದ್ದು ಸರಿ ಎಂದು ಅವನಿಗೆ ಗೊತ್ತಿತ್ತು. ಸರಿ ಇದ್ದದ್ದಕ್ಕೇ ಗೇಟನ್ನು ಜೋರಾಗಿ ಎಳೆದ. ಅದು ಗೋಡೆಗೆ ಬಡಿದು ತಿರುಗಿ ಬಂದು ಅವನ ಮೊಣಕೈಗೇ ಹೊಡೆಯಿತು. ಹೋದ ಭಾನುವಾರ ಬೈಂದೂರಿನ ಹತ್ತಿರ ಯಡ್ತರೆಗೆ ಹೋಗಿ, ಹಳೆ ಬೈಕು ಮಾರುವ ನಾಗು ತೋರಿಸಿದ ಕಪ್ಪು ಬೈಕಿನ ಮೇಲೆ ಕೂತು ಬಂದದ್ದನ್ನು ಅವನು ಅವಳಿಗೆ ಹೇಳಿರಲಿಲ್ಲ. ಎಂಜಿನ್ ಶುರುವಾದಾಗ ತೊಡೆಗಳಿಂದ ಬೆನ್ನಿನವರೆಗೆ ಹತ್ತಿದ ನಡುಕ ಎಂತಹದು, ಮನೆಯಲ್ಲಿ, ಕೆಲಸದಲ್ಲಿ, ಬಸ್ಸಿನಲ್ಲಿ ಎಲ್ಲರಿಗೂ ಜಾಗ ಬಿಟ್ಟುಕೊಡುವ ಮನುಷ್ಯನಿಗೆ ಆ ಸೀಟು ಎಂತಹದು ಎಂದು ಹೇಗೆ ಹೇಳುವುದು? ವಿಮೆಯ ಹಣ ಬರದಿದ್ದರೆ ಆ ಬೈಕು ಇಲ್ಲ. ಮನೆಸಾಲ ಕಳೆದು ಉಳಿಯುವ ಸಂಬಳದಲ್ಲಿ ಅದರ ಮಾತೇ ಇಲ್ಲ.

ಯಾರ್ಡಿನ ಕ್ರಾಸಿನಲ್ಲಿ ಮಿಥುನ್ ಬೈಕು ನಿಲ್ಲಿಸಿದ. ದೋಣಿ ಇಟ್ಟುಕೊಂಡು ಮೀನು ಹಿಡಿಯುವ ಹುಡುಗ. ಹಿಂದಿನ ಮಳೆಗಾಲದಲ್ಲಿ ಅವನ ದೋಣಿಯ ಎಂಜಿನ್ ಕಳುವಾಗಿತ್ತು.

“ಹ್ವಾಯ್ ಪ್ರೇಮಣ್ಣ, ನಡ್ಕಂಡ್ ಹೋಪ್ದಾ? ಕೂಕಣಿ.”

ಪ್ರೇಮಾನಂದ ಹಿಂದೆ ಕೂತ. ಇನ್ನೊಬ್ಬನ ಭುಜ ಹಿಡಿಯಬೇಕೋ ಬೇಡವೋ ಎಂಬ ಗೊಂದಲದಲ್ಲಿ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡ, ಹೆಂಗಸರ ಹಾಗೆ. ಮಿಥುನ್ ಗಾಳಿಗೆ ಎದುರಾಗಿ ಕೂಗಿ ಹೇಳುತ್ತಿದ್ದ: “ನನ್ನ್ ಎಂಜಿನ್ನೂ ಆ ಕುಷ್ಟನೇ ತೆಗ್ದದ್. ನಂಗೊತ್ತಿತ್ತ್. ಆದ್ರೆ ಕೀ ಅಲ್ಲಿಪ್ಪು ತನ್ಕ ನಾವಾಯಿ ಕೈ ಇಡುಕಾಗ, ಅದ್ ದೈವದ್ ಕೈಯಲ್ಲಿತ್ತ್. ಅವ್ನೇ ಅಂದ್ ನಿಮ್ಮ್ ಬಾಯಲ್ಲ್ ಒಂದ್ ಮಾತ್ ಬರ್ಲಿ. ಇನ್ನೊಂದ್ ಕಾಲ್ ನಾವ್ ಕಾಣ್ತೊ.” ಅವನು ನಗುತ್ತಿದ್ದ. ಕನ್ನಡಿಯಲ್ಲಿ ಅವನ ಹಲ್ಲು ಕಾಣುತ್ತಿತ್ತು. ಹೇಳದೆ ಇರುವುದು ಪ್ರೇಮಾನಂದನಿಗೆ ಈಗ ಅಭ್ಯಾಸವಾಗಿತ್ತು, ಮತ್ತು ಅದರಲ್ಲಿ ಒಂದು ರುಚಿಯೂ ಇತ್ತು.

ವಿಮೆ ಆಫೀಸಿನ ರತನ್ ಅವನನ್ನು ಅಂಕಲ್ ಎಂದು ಕರೆದ. “ಅಂಕಲ್, ಎರಡೂ ಕೀ ಕೊಡಿ ಅಂತ ಆವತ್ತೇ ಹೇಳಿದ್ದೆ. ಒಂದೇ ಕೊಟ್ಟರೆ ಕಂಪೆನಿ ಏನು ತಿಳ್ಕೊಳ್ತದೆ? ಇನ್ನೊಂದನ್ನು ನೀವು ಬೈಕಲ್ಲೇ ಬಿಟ್ಟು ಹೋದ್ರಿ ಅಂತ.”

“ಬಿಟ್ಟಿಲ್ಲ. ಇದೆ.”

“ಎಲ್ಲಿದೆ?”

“ದೈವದ ಹತ್ತಿರ.”

ರತನನ ಬೆರಳುಗಳು ಕೀಬೋರ್ಡಿನ ಮೇಲೆ ನಿಂತವು. ಪಕ್ಕದ ಮೇಜಿನ ಹುಡುಗಿ ತಲೆ ಎತ್ತಿದಳು. “ಹಾಗಾದರೆ ದೈವದಿಂದ ಒಂದು ಲೆಟರ್ ತನ್ನಿ ಅಂಕಲ್, ಸೀಲ್ ಹಾಕಿ,” ಎಂದ ರತನ್. ಹುಡುಗಿ ಕೈಯಿಂದ ಬಾಯಿ ಮುಚ್ಚಿಕೊಂಡಳು. ಪ್ರೇಮಾನಂದ ತಾನೂ ನಕ್ಕ. ನಗುತ್ತ, ಮೇಜಿನ ಮೇಲಿದ್ದ ಕಾಗದ ಚುಚ್ಚುವ ಸೂಜಿಯನ್ನೇ ನೋಡುತ್ತಿದ್ದ. ಅದು ರತನನ ಬಿಳಿ ಕುತ್ತಿಗೆಯ ಯಾವ ಭಾಗದಲ್ಲಿ ಸುಲಭವಾಗಿ ಇಳಿಯುತ್ತದೆ ಎಂದು ಕಾಲೇಜಿನ ಪ್ರಾಣಿಶಾಸ್ತ್ರದ ಪಾಠದಲ್ಲಿ ಕತ್ತರಿಸಿದ ಕಪ್ಪೆಯ ನೆನಪಿನಿಂದ ಲೆಕ್ಕ ಹಾಕುತ್ತಿದ್ದ. “ನಾಳೆ ಫೈಲ್ ಕ್ಲೋಸ್ ಆಗ್ತದೆ,” ಎಂದ ರತನ್, ಈಗ ಮೆತ್ತಗೆ. “ತಂದುಬಿಡಿ. ಒಂದು ಕೀ ತಾನೇ.”

ಬಸ್ಸಿನಲ್ಲಿ ಹಿಂದಿರುಗುವಾಗ ನಾಗುವಿನ ಫೋನು. “ಹ್ವಾಯ್, ಗಾಡಿ ಕೇಂಡ್ಕಂಡ್ ಇನ್ನೊಬ್ರ್ ಬಂದೀರ್. ಬೈಸಾರಿ ಒಳ್ಗ್ ಹೇಳಿ, ಇಲ್ದಿರೆ ನಾನ್ ಕೊಡ್ತೆ. ಮತ್ತ್ ಬಾಯಿ ಬಡ್ಕಂಬ್ದಲ್ಲ.” ಸಂಜೆಯೊಳಗೆ. ಪ್ರೇಮಾನಂದ ಕಿಟಕಿಯ ಸರಳಿಗೆ ಹಣೆ ಒತ್ತಿಕೊಂಡ. ಕೀ ತೆಗೆದರೆ ಬೈಕು. ಸರೋಜ ಕೇಳಿದ್ದೂ ಅದನ್ನೇ. ಹಾಗಿದ್ದರೆ ತಡೆ ಎಲ್ಲಿದೆ? ಅಬ್ಬಿಯ ಮಾತಿನಲ್ಲಿ ಇರಲಿಲ್ಲ, ಅದನ್ನು ಅವನು ನಂಬುವುದಿಲ್ಲ. ಕೀ ಅಲ್ಲಿರುವವರೆಗೆ ತಾನೊಬ್ಬ ಮನುಷ್ಯನ ಕಾಲು ಮುರಿದವನು. ತೆಗೆದ ಮೇಲೆ ಪುನಃ ಮೀನೆಣ್ಣೆ ಅಳೆಯುವವನು. ಇಷ್ಟನ್ನು ಸ್ಪಷ್ಟವಾಗಿ ಯೋಚಿಸಿ ಮುಗಿಸಿದಾಗ ಅವನಿಗೆ ತನ್ನ ಬಗ್ಗೆ ಅಸಹ್ಯವಾಯಿತು. ಬಸ್ಸಿಳಿದು ಮನೆಗೆ ಹೋಗದೆ ನೇರ ಕುಷ್ಟನ ಮನೆಗೆ ನಡೆದ.

ಬಾಗಿಲ ಮುಂದೆ ಸಗಣಿ ಸಾರಿಸಿದ್ದರೂ ಕೊಳೆತ ಮೀನಿನ ವಾಸನೆ ಉಳಿದಿತ್ತು. ಜಗಲಿಯ ಮಂಚದ ಮೇಲೆ ಕುಷ್ಟ ಮಲಗಿದ್ದ. ಮೊಣಕಾಲಿನ ಕೆಳಗೆ ಚರ್ಮವನ್ನು ತೂತು ಮಾಡಿ ಹೊರಬಂದ, ಎಲುಬು ಕೂಡಿಸಲು ಹಾಕಿದ ಉಕ್ಕಿನ ಸರಳುಗಳು, ಅವುಗಳ ಬುಡದಲ್ಲಿ ಹಳದಿ ಕೀವು. ನೊಣಗಳನ್ನು ಒಂದು ಹಳೆಯ ಪಂಚಾಂಗದಿಂದ ಬೀಸುತ್ತಿದ್ದ. ಇಬ್ಬರೂ ಏಳನೆಯ ತರಗತಿಯವರೆಗೆ ಒಂದೇ ಬೆಂಚಿನಲ್ಲಿ ಕೂತವರು.

“ಬಾ ಮಾರಾಯ. ಕಾಲ್ ಕಾಂಬುಕ್ ಬಂದದ್ದಾ? ಕಾಣ್, ಕಾಣ್. ಟಿಕೆಟ್ ಇಲ್ಲೆ.”

“ಸರೋಜ ಬಂದಿದ್ದಳ್, ಕೀ ತೆಗಿ ಅಂದ್.” ಪ್ರೇಮಾನಂದ ಮಂಚದ ಪಕ್ಕ ಕೂತ.

“ಅವ್ಳಿಗ್ ಬುದ್ಧಿ ಇಲ್ಲೆ.” ಕುಷ್ಟ ಬೀಸುವುದನ್ನು ನಿಲ್ಲಿಸಿದ. “ನೀನ್ ಕೀ ತೆಗ್ದ್ರೆ ಜನ ಎಂತ ಹೇಳ್ತ್ರ್? ಕುಷ್ಟ ತಪ್ಪ್ ಒಪ್ಕಂಡ, ಪ್ರೇಮಾನಂದ ದೊಡ್ಡ್ ಮನ್ಸ್ ಮಾಡಿ ಬಿಟ್ಟ ಅಂತ್ರ್. ಕಳ್ಳ ಅಂದ್ ಗಟ್ಟಿ ಆಯ್ತಲೆ? ಕೀ ಅಲ್ಲೇ ಇರ್ಲಿ. ತುಕ್ಕ್ ಹಿಡೀಲಿ. ನಂಗೆ ಒಂದೇ ಒಂದ್ ಹೇಳ್. ನೀನ್ ಅದನ್ನ್ ಇಟ್ಟದ್ ಯಾವತ್ತ್?”

ಒಳಗೆ ಸರೋಜ ಪಾತ್ರೆ ಇಡುವ ಸದ್ದು ನಿಂತದ್ದು ಪ್ರೇಮಾನಂದನಿಗೆ ಕೇಳಿಸಿತು.

“ನೆನಪಿಲ್ಲೆ,” ಎಂದ.

“ಎಣ್ಣಿ ಹನಿ ಲೆಕ್ಕ ಹಾಕುವವ್ನಿಗೆ ದಿನ ನೆನಪಿಲ್ಲೆ,” ಎಂದು ಕುಷ್ಟ ನಿಧಾನವಾಗಿ ಹೇಳಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಶಾಲೆಯಲ್ಲಿ ಪ್ರೇಮಾನಂದ ಚಡ್ಡಿಯಲ್ಲಿ ಉಚ್ಚೆ ಹೊಯ್ದುಕೊಂಡಾಗ ಕುಷ್ಟ ತನ್ನ ಅಂಗಿ ಬಿಚ್ಚಿ ಕೊಟ್ಟಿದ್ದ. ಆಗ ನೋಡಿದ್ದ ಹಾಗೆಯೇ ಈಗಲೂ ನೋಡುತ್ತಿದ್ದ. ಆ ನೋಟವನ್ನು ತಡೆಯಲಾಗಲಿಲ್ಲ. ಪ್ರೇಮಾನಂದ ಎದ್ದ. ಏಳುವಾಗ ಅವನ ಮೊಣಕಾಲು ಮಂಚದಂಚಿಗೆ ಚಾಚಿದ್ದ ಉಕ್ಕಿನ ಸರಳಿಗೆ ತಾಗಿತು. ಕುಷ್ಟನ ಬಾಯಿಂದ ಬಂದ ಸದ್ದು ಮನುಷ್ಯರದ್ದಾಗಿರಲಿಲ್ಲ. ಸರೋಜ ಓಡಿ ಬಂದಳು. “ತಾಗ್ತ್, ಅರಿಯದೆ ತಾಗ್ತ್,” ಎನ್ನುತ್ತ ಪ್ರೇಮಾನಂದ ಹಿಂದೆ ಹಿಂದೆ ಸರಿದು ಅಂಗಳಕ್ಕಿಳಿದ. ರಸ್ತೆಗೆ ಬಂದ ಮೇಲೆ ತನ್ನ ಮೊಣಕಾಲನ್ನು ಮುಟ್ಟಿ ನೋಡಿಕೊಂಡ. ತಾಗದೆ ಏಳಲು ಜಾಗ ಸಾಕಷ್ಟಿತ್ತು. ಮಂಚ ಎಡಕ್ಕಿತ್ತು, ತಾನು ತಿರುಗಬೇಕಾದದ್ದು ಬಲಕ್ಕೆ. ಲೋಹದ ಮೂಲಕ ಎಲುಬಿನವರೆಗೆ ಹೋದ ಆ ಸಣ್ಣ ಅದುರು ಅವನ ಚರ್ಮದಲ್ಲಿ ಇನ್ನೂ ಇತ್ತು. ಎಂಜಿನ್ ಶುರುವಾದಾಗ ಬಂದಂಥದೇ ಅದುರು.

ಗುಡಿ ಅಲ್ಲಿಂದ ದೂರವಿರಲಿಲ್ಲ. ಬಿಸಿಲು ಇಳಿದು ಅಳಿವೆಯ ನೀರು ತಾಮ್ರದ ಬಣ್ಣಕ್ಕೆ ತಿರುಗಿತ್ತು. ಮೋರಿಯ ಕಟ್ಟೆಯ ಮೇಲೆ ಮಿಥುನ್ ಮತ್ತು ಅವನ ಜೊತೆಯವರು ಮೊಬೈಲು ನೋಡುತ್ತ ಕೂತಿದ್ದರು. ಬೈಕುಗಳು ಸಾಲಾಗಿ ನಿಂತಿದ್ದವು. ಪ್ರೇಮಾನಂದ ಚಪ್ಪಲಿ ಬಿಟ್ಟು ಒಳಗೆ ಬಂದಾಗ ಅವರ ಮಾತು ನಿಂತಿತು. ಕೀ ಮೆಟ್ಟಿಲ ಮೇಲೆ ಇಟ್ಟಲ್ಲೇ ಇತ್ತು, ಕುಂಕುಮ ಮೆತ್ತಿಕೊಂಡು. ಅವನು ಬಗ್ಗಿದ.

“ತಡಿ,” ಎಂದ ಮಂಜ ಪಾತ್ರಿ, ದೀಪಕ್ಕೆ ಎಣ್ಣೆ ಹಾಕುತ್ತಿದ್ದವನು. “ಎಂತಕ್ಕ್ ತೆಗುದ್ ಅಂದ್ ಬಾಯಿ ಬಿಟ್ಟ್ ಹೇಳಿ ತೆಗಿ. ಕೊಟ್ಟದ್ದೂ ಬಾಯಿ ಬಿಟ್ಟೇ ಅಲ್ದಾ?”

ಮುದುಕನ ಕಣ್ಣು ಅವನ ಕಣ್ಣಿನಲ್ಲಿ ನಿಂತಿತು. ಇವನಿಗೆ ದಿನ ಗೊತ್ತು ಎಂದು ಪ್ರೇಮಾನಂದನಿಗೆ ಹೊಳೆಯಿತು. ಆವತ್ತಿನ ಬೆಳಿಗ್ಗೆ ಇಲ್ಲಿದ್ದದ್ದು ತಾವಿಬ್ಬರೇ. ಇವನೂ ಸುಮ್ಮನಿದ್ದ. ಆಮೇಲೆ ಗುಡಿಗೆ ಬರುವವರು ಹೆಚ್ಚಾಗಿದ್ದರು, ಹೊಸ ದೀಪ ಬಂದಿತ್ತು, ನೆಲಕ್ಕೆ ಟೈಲ್ಸ್ ಹಾಕುವ ಮಾತಿತ್ತು.

ಹೇಳಲು ಏನೇನಿತ್ತೋ ಅದೆಲ್ಲ ಬಾಯಿಗೆ ಬಂತು. ವಿಮೆಯವರು ಕೇಳಿದ್ದಾರೆ. ಅದನ್ನು ಹೇಳಿದರೆ ರತನನ ನಗು ಮೋರಿಯ ಕಟ್ಟೆಯಿಂದಲೂ ಬರುತ್ತದೆ. ಕುಷ್ಟನ ಕಾಲು ಮುರಿದ ಮರುದಿನ ನಾನು ಇದನ್ನು ಇಟ್ಟೆ. ಅದು ನಿಜ, ಅದಕ್ಕೆ ಪ್ರಯೋಗಶಾಲೆ ಬೇಕಾಗಿಲ್ಲ, ಪಾತ್ರಿಯೇ ಸಾಕ್ಷಿ. ಹೇಳಿದ ಕೂಡಲೇ ಕಂಡಕ್ಟರ್ ಅಬ್ಬಿಯ ಬುಟ್ಟಿಗೆ ಮತ್ತೆ ಗೊಣಗುತ್ತಾನೆ, ಪೂಜಿತಾ ಬೇರೆ ಯಾರನ್ನೋ ಕುರಿತು ಬೇರೆ ಏನನ್ನೋ ಕೇಳುತ್ತಾಳೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಈ ಹುಡುಗರು ಕೇಳುತ್ತಾರೆ. ಮೊಣಕಾಲಿನಲ್ಲಿ ಆ ಅದುರು ಇನ್ನೂ ಇತ್ತು. ನಿಜವನ್ನು ಹೇಳುತ್ತೇನೆ ಎಂದೇ ಅವನು ಉಸಿರೆಳೆದುಕೊಂಡ. ನಾಲಿಗೆ ಹಲ್ಲಿನ ಹಿಂದೆ ಸರಿಯಾದ ಜಾಗಕ್ಕೆ ಹೋಗಿತ್ತು ಕೂಡ.

“ಅವ್ನನ್ನ್ ಕ್ಷಮ್ಸಿದೆ,” ಎಂದ. “ಪಾಪ, ಹೆಂಡ್ತಿ ಬಂದ್ ಕೇಂಡಳ್. ಅದ್ಕೆ.”

ಸ್ವರ ಮೃದುವಾಗಿತ್ತು. ಇಷ್ಟು ಮೃದುವಾದ ಸ್ವರ ತನ್ನಲ್ಲಿದೆ ಎಂದು ಅವನಿಗೆ ತಿಳಿದಿರಲಿಲ್ಲ. ಪಾತ್ರಿ ಮುಖ ತಿರುಗಿಸಿ ದೀಪದ ಬತ್ತಿ ಸರಿಮಾಡತೊಡಗಿದ. ಪ್ರೇಮಾನಂದ ಕೀ ಎತ್ತಿಕೊಂಡು, ಅಂಗಿಯ ತುದಿಯಿಂದ ಕುಂಕುಮ ಒರೆಸಿದ. ಹಗುರವಾಗಿತ್ತು. ನಾಗುವಿಗೆ ಫೋನು ಮಾಡಬೇಕು ಎಂದುಕೊಳ್ಳುತ್ತ ಚಪ್ಪಲಿ ಮೆಟ್ಟಿದ.

ಹಿಂದೆ ಒಂದು ಬೈಕು ಶುರುವಾಯಿತು. ಆಮೇಲೆ ಇನ್ನೊಂದು. ತಿರುಗಿ ನೋಡಿದಾಗ ಮಿಥುನ್ ಕಾಲಿನಿಂದ ಸ್ಟ್ಯಾಂಡು ಒದೆಯುತ್ತಿದ್ದ. ಹಿಂದೆ ಕೂತವನ ತೊಡೆಯ ಮೇಲೆ ದೋಣಿಯ ಹುಟ್ಟೊಂದು ಅಡ್ಡಕ್ಕಿತ್ತು.

“ಇನ್ನ್ ದೈವದ್ ಲೆಕ್ಕ ಮುಗೀತಲೆ ಪ್ರೇಮಣ್ಣ,” ಎಂದ ಮಿಥುನ್ ಗೌರವದಿಂದ. “ನನ್ನ್ ಎಂಜಿನ್ನಿನ್ ಲೆಕ್ಕ ಉಳ್ದಿತ್ತ್.”

“ಮಿಥುನ್, ತಡಿ. ಅದ್ ಹಾಂಗಲ್ಲ, ಕೀ ಇಟ್ಟದ್ ನಾನ್ ಮರ್‍ದಿನ—”

ಎಂಜಿನ್ನುಗಳ ಸದ್ದಿನಲ್ಲಿ ಅವನ ವಾಕ್ಯ ಅವನಿಗೇ ಕೇಳಿಸಲಿಲ್ಲ. ಬೈಕುಗಳು ಕುಷ್ಟನ ಮನೆಯ ಕಡೆ ತಿರುಗಿ, ತೆಂಗಿನ ಮರಗಳ ಸಾಲಿನ ಹಿಂದೆ ಒಂದೊಂದಾಗಿ ಮರೆಯಾದವು. ಪ್ರೇಮಾನಂದ ಓಡಿದ. ಒಂದು ಚಪ್ಪಲಿ ಹಿಂದೆ ಉಳಿಯಿತು. ಜಲ್ಲಿ ಪಾದವನ್ನು ಕೊರೆಯುತ್ತಿತ್ತು. ಬೈಕಿದ್ದಿದ್ದರೆ ಅರ್ಧ ದಾರಿಯಲ್ಲೇ ಅವರನ್ನು ಅಡ್ಡಗಟ್ಟಬಹುದಿತ್ತು ಎಂದು ಅವನ ಮನಸ್ಸು, ಆಗಲೂ ತಪ್ಪಿಲ್ಲದೆ, ಲೆಕ್ಕ ಹಾಕಿತು. ಮುಂದೆ ಎಲ್ಲೋ ಎಂಜಿನ್ನುಗಳು ಒಂದರ ಹಿಂದೆ ಒಂದು ನಿಂತವು. ಆ ಮೌನದೊಳಕ್ಕೆ ಅವನು ಓಡುತ್ತಲೇ ಇದ್ದ, ಕೀಯನ್ನು ಮುಷ್ಟಿಯಲ್ಲಿ ಹಿಡಿದು, ಮೊದಲ ಕೂಗಿಗೆ ಕಿವಿ ಚಾಚಿ.